ದಾರಿ ಗೊತ್ತಾದರೆ ಪಟ್ಟೆ ಮಾಯ

1927ರ ಸೆಪ್ಟೆಂಬರಿನಲ್ಲಿ ಇಟಲಿಯ ಕೋಮೊದಲ್ಲಿ ಭೌತವಿಜ್ಞಾನಿ ನೀಲ್ಸ್ ಬೋರ್ ‘ಪೂರಕತೆ’ಯ ಮಾತೆತ್ತಿದರು. ಬೆಳಕನ್ನು ಅರಿಯಲು ಅಲೆಯ ಚಿತ್ರವೂ ಬೇಕು, ಕಣದ ಚಿತ್ರವೂ ಬೇಕು. ಆದರೆ ಒಂದೇ ಪ್ರಯೋಗದಲ್ಲಿ ಎರಡೂ ಪೂರ್ತಿಯಾಗಿ ಕೈಗೆ ಸಿಗುವುದಿಲ್ಲ. ಅಲ್ಲಿಂದೀಚೆಗೆ ಇದು ಕ್ವಾಂಟಮ್ ಲೋಕದ ಸೋಜಿಗ ಅಂತಲೇ ಹೆಸರಾಯಿತು. ನನ್ನ ಕೇಳಿದರೆ, ಇದರಲ್ಲಿ ದೊಡ್ಡ ಪಾಲು ಹಳೇ ಅಲೆಗಳದ್ದೇ.

ಹತ್ತೊಂಬತ್ತನೇ ಶತಮಾನದ ಶುರುವಿನಲ್ಲಿ ಥಾಮಸ್ ಯಂಗ್ ಬೆಳಕನ್ನು ಎರಡಾಗಿ ಮಾಡಿ ಮತ್ತೆ ಸೇರಿಸಿದರು. ಬೆಳಕು-ಕತ್ತಲೆಯ ಪಟ್ಟೆಗಳು ಮೂಡಿದವು. ಸ್ವಲ್ಪ ವರ್ಷಗಳಲ್ಲೇ ಫ್ರೆನೆಲ್ ಮತ್ತು ಅರಾಗೊ ಇನ್ನೊಂದು ಸಂಗತಿ ಕಂಡುಕೊಂಡರು. ಎರಡು ಕಿರಣಗಳ ಧ್ರುವೀಕರಣ, ಅಂದರೆ ಅಲೆ ಅಲುಗುವ ದಿಕ್ಕು, ಒಂದಕ್ಕೊಂದು ಲಂಬವಾಗಿದ್ದರೆ ಪಟ್ಟೆಗಳೇ ಇಲ್ಲ! ಪ್ರತಿ ಕಿರಣಕ್ಕೂ ಬೇರೆ ಬೇರೆ ಗುರುತು ಹಚ್ಚಿದಂತೆ ಇದು. ಆಗಿನ್ನೂ ಬೆಳಕಿನ ಕಣಕ್ಕೆ ಫೋಟಾನ್ ಎಂಬ ಹೆಸರೇ ಹುಟ್ಟಿರಲಿಲ್ಲ.

ಒಂದು ಚಿಕ್ಕ ಲೆಕ್ಕ ನೋಡಿ. ಬೆಳಕು ಎರಡು ಸಣ್ಣ ಸೀಳುಗಳ ಮೂಲಕ ಬರುತ್ತಿದೆ ಅನ್ನಿ. ಒಂದು ಸೀಳಿನಿಂದ 9 ಪಾಲು ಬೆಳಕು, ಇನ್ನೊಂದರಿಂದ 1 ಪಾಲು. ಬೆಳಕಿನ ಪ್ರಮಾಣ ಅಲೆಯ ಎತ್ತರದ ವರ್ಗದಷ್ಟು. ಹಾಗಾದರೆ ಅಲೆಗಳ ಎತ್ತರ 3 ಮತ್ತು 1. ಅಲೆಗಳು ಕೂಡುವ ಕಡೆ ಬೆಳಕು 4ರ ವರ್ಗ, ಅಂದರೆ 16. ಕಳೆಯುವ ಕಡೆ 2ರ ವರ್ಗ, 4. ಇವೆರಡರ ವ್ಯತ್ಯಾಸವನ್ನು ಮೊತ್ತದಿಂದ ಭಾಗಿಸಿದರೆ ಪಟ್ಟೆಯ ಸ್ಪಷ್ಟತೆ: 0.6. ಬೆಳಕು ಯಾವ ದಾರಿಯದ್ದೆಂಬ ಸುಳಿವು ಕೊಡುವ ಸೀಳುಗಳ ಏರುಪೇರನ್ನೂ ಹಾಗೇ ಅಳೆದರೆ (9 ಮತ್ತು 1ರ ವ್ಯತ್ಯಾಸ 8, ಮೊತ್ತ 10) 0.8. ಎರಡರ ವರ್ಗ ಕೂಡಿಸಿ: 0.36 ಮತ್ತು 0.64, ಸರಿಯಾಗಿ 1. ಒಂದು ಹೆಚ್ಚಿದರೆ ಇನ್ನೊಂದು ಇಳಿಯಲೇಬೇಕು. ಇಲ್ಲೆಲ್ಲೂ ಕ್ವಾಂಟಮ್ ಬರಲೇ ಇಲ್ಲ, ಅಲ್ವಾ?

ತಮಾಷೆಯೆಂದರೆ, ಇಷ್ಟು ಸರಳ ಸಂಬಂಧವನ್ನು ಗ್ರೀನ್‌ಬರ್ಗರ್ ಮತ್ತು ಯಾಸಿನ್ ಪೂರಕತೆಯ ಅಳತೆಗೋಲಾಗಿ ಮುಂದಿಟ್ಟದ್ದು 1988ರಲ್ಲಿ, ಅದೂ ನ್ಯೂಟ್ರಾನುಗಳ ವಿಷಯದಲ್ಲಿ. ದಾರಿಯ ಗುರುತನ್ನು ಬೇರೊಂದು ಉಪಕರಣ ಹಿಡಿದಿಟ್ಟುಕೊಳ್ಳುವ ಪ್ರಯೋಗಗಳಿಗೆ ಎಂಗ್ಲರ್ಟ್ 1996ರಲ್ಲಿ ಅದನ್ನು ವಿಸ್ತರಿಸಿದರು.

ಹಾಗಾದರೆ ಕ್ವಾಂಟಮ್‌ಗೆ ಉಳಿದಿದ್ದೇನು? 1909ರಲ್ಲಿ ಜಿ. ಐ. ಟೇಲರ್ ತೀರಾ ಮಂದ ಬೆಳಕಿನಲ್ಲಿ ತಿಂಗಳುಗಟ್ಟಲೆ ಫೋಟೊ ತೆಗೆದರು. ಆಗಲೂ ಪಟ್ಟೆ ಮೂಡಿತು. ಆದರೆ ಬೆಳಕು ಮಂದವಾದ ಮಾತ್ರಕ್ಕೆ ಫೋಟಾನುಗಳು ಒಂದೊಂದಾಗಿ ಬರುತ್ತವೆ ಅನ್ನಲಾಗದು. ಆ ಕೊರತೆ ನೀಗಿದ್ದು 1986ರಲ್ಲಿ. ಗ್ರಾಂಜಿಯೆ, ರೋಜೆ ಮತ್ತು ಆಸ್ಪೆ ಒಂಟಿ ಫೋಟಾನುಗಳನ್ನು ಕವಲು ದಾರಿಗೆ ಬಿಟ್ಟರು. ಎರಡೂ ತುದಿಯ ಪತ್ತೆಕಾರಗಳು ಒಟ್ಟಿಗೆ ಸದ್ದು ಮಾಡಿದ್ದು ತೀರಾ ಅಪರೂಪ. ಹಳೇ ಅಲೆ ಒಡೆದು ಎರಡೂ ಕಡೆ ಹೋಗಿದ್ದರೆ ಅಷ್ಟು ಅಪರೂಪವಾಗಲು ಸಾಧ್ಯವೇ ಇರಲಿಲ್ಲ. ಅದೇ ಫೋಟಾನುಗಳಿಗೆ ಎರಡು ದಾರಿ ಮತ್ತೆ ಕೂಡುವಂತೆ ಮಾಡಿದಾಗ ಪಟ್ಟೆ ಬಂತು.

ನಮ್ಮ 0.8ಕ್ಕೆ ಹೊಸ ಅರ್ಥ ಬರುವುದು ಇಲ್ಲಿ. ಅಲೆಗೆ ಅದು ಸುಮ್ನೆ ಎರಡು ಸೀಳುಗಳ ಬೆಳಕಿನ ಹೆಚ್ಚುಕಡಿಮೆ. ಒಂಟಿ ಫೋಟಾನಿಗೆ ಅದೊಂದು ಪಂದ್ಯ: ಹೆಚ್ಚು ಬೆಳಕಿನ ಸೀಳಿನ ಮೇಲೆ ಬಾಜಿ ಕಟ್ಟಿದರೆ 10ರಲ್ಲಿ 9 ಸಲ ಗೆಲುವು.