ಸಕ್ಯುಲೆಂಟ್‌ಗೆ ಕುಂಡ ಆರಿಸುವುದು: ತಳದಲ್ಲಿ ನಿಲ್ಲುವ ನೀರಿನ ಲೆಕ್ಕ

ತುಳಸಿ, ದಾಸವಾಳದ ಕುಂಡ ಬೇಗ ಒಣಗುವುದಕ್ಕೆ ಗಿಡವೇ ಮುಖ್ಯ ಕಾರಣ. ಬೇರು ಹೀರಿದ ನೀರನ್ನು ಎಲೆ ಹಗಲಿಡೀ ಗಾಳಿಗೆ ಬಿಡುತ್ತಿರುತ್ತದೆ. ದಪ್ಪ ಎಲೆ, ಕಾಂಡದಲ್ಲಿ ನೀರು ಕೂಡಿಟ್ಟುಕೊಳ್ಳುವ ಸಕ್ಯುಲೆಂಟ್‌ಗಳಲ್ಲಿ ಹೆಚ್ಚಿನವು ಎಲೆಯ ರಂಧ್ರಗಳನ್ನು ರಾತ್ರಿ ತೆರೆದು ಹಗಲು ಮುಚ್ಚಿಕೊಳ್ಳುತ್ತವೆ, ಕುಡಿಯುವುದೇ ಕಡಿಮೆ. ಹಾಗಾಗಿ ಮಣ್ಣು ಒಣಗಿಸುವ ಕೆಲಸ ಬಹುಪಾಲು ಕುಂಡದ ಬಾಯಿ, ಗೋಡೆ ಮತ್ತು ತೂತಿನ ಮೇಲೆ ಬೀಳುತ್ತದೆ. ಕುಂಡ ತಪ್ಪಿದರೆ ನೀರು ಎಷ್ಟು ಅಳೆದು ಹಾಕಿದರೂ ಬೇರು ಕೊಳೆಯುವುದು ಇದೇ ಕಾರಣಕ್ಕೆ.

ಅಗಲದ ವಿಷಯ ಸುಲಭ. ಗಿಡದ ಹರಹಿಗಿಂತ ಸುತ್ತಲೂ ಒಂದು ಬೆರಳು, ಅಂದರೆ ಒಂದೂವರೆಯಿಂದ 2 ಸೆಂ.ಮೀ. ಜಾಗ ಸಾಕು. ಗುಲಾಬಿ ಹೂವಿನಂತೆ ಎಲೆ ಜೋಡಿಸಿಕೊಂಡ 7 ಸೆಂ.ಮೀ. ಅಗಲದ ಎಚೆವೇರಿಯಾಗೆ 10 ಸೆಂ.ಮೀ. ಕುಂಡ. ಮುಂದೆ ಬೆಳೆಯುತ್ತದಲ್ಲ ಎಂದು 20 ಸೆಂ.ಮೀ. ಕುಂಡಕ್ಕೆ ನೆಡಬೇಡಿ. ಅಳತೆ ಎಲ್ಲ ಕಡೆ ಎರಡು ಪಟ್ಟಾದರೆ ಮಣ್ಣು 8 ಪಟ್ಟು, ಆವಿಯಾಗುವ ಮೇಲ್ಮೈ ಮಾತ್ರ 4 ಪಟ್ಟು. ಪ್ರತಿ ಹಿಡಿ ಮಣ್ಣಿಗೆ ಸಿಗುವ ಗಾಳಿ ಅರ್ಧಕ್ಕೆ ಇಳಿಯಿತು, ಬೇರು ಇರುವುದು ಮಾತ್ರ ಅಷ್ಟೇ.

ಈಗ ಎಲ್ಲರೂ ಎಡವುವ ಜಾಗ: ತಳಕ್ಕೆ ಜಲ್ಲಿ ಹಾಕುವುದು.

ತಳದಲ್ಲಿ ಎರಡು ಸೆಂ.ಮೀ. ಜಲ್ಲಿಯೋ ಮಡಕೆ ಚೂರೋ ಹಾಸಿದರೆ ನೀರು ಬೇಗ ಇಳಿಯುತ್ತದೆ ಎಂಬುದು ನಮ್ಮಲ್ಲಿ ಮನೆಮಾತು. ಆಗುವುದು ಇದರ ವಿರುದ್ಧ. ಇದು ಮಾತಿನಲ್ಲಿ ತಲೆಗೆ ಹತ್ತುವುದಿಲ್ಲ, ಪಾತ್ರೆ ತೊಳೆಯುವ ಹೊಸ ಸ್ಪಂಜು ತೆಗೆದುಕೊಳ್ಳಿ. ನೀರಲ್ಲಿ ಅದ್ದಿ, ಹಿಂಡದೆ, ಅಂಗೈ ಮೇಲೆ ಚಪ್ಪಟೆಯಾಗಿ ಹಿಡಿಯಿರಿ. ತೊಟ್ಟಿಕ್ಕುವುದು ಪೂರ್ತಿ ನಿಲ್ಲಲಿ. ಈಗ ಅದನ್ನೇ ಉದ್ದಕ್ಕೆ ನೆಟ್ಟಗೆ ನಿಲ್ಲಿಸಿ. ಮತ್ತೆ ನೀರು ಸುರಿಯುತ್ತದೆ! ಸ್ಪಂಜು ಅದೇ, ಬದಲಾದದ್ದು ಎತ್ತರ ಮಾತ್ರ.

ಕಾರಣ ಹೀಗೆ. ಮಣ್ಣಿನ ಸಣ್ಣ ಸಂದುಗಳು ನೀರನ್ನು ಹಿಡಿದುಕೊಳ್ಳುತ್ತವೆ, ಭೂಮಿ ಕೆಳಗೆ ಎಳೆಯುತ್ತದೆ. ಈ ಎರಡು ಸಮವಾದಲ್ಲಿ ನೀರು ನಿಲ್ಲುತ್ತದೆ. ಅದರಿಂದ ತೂತು ಎಷ್ಟೇ ದೊಡ್ಡದಿದ್ದರೂ ತಳದಲ್ಲಿ ಒಂದು ಪದರ ಪೂರ್ತಿ ನೆನೆದೇ ಉಳಿಯುತ್ತದೆ. ಆ ಪದರದ ಎತ್ತರವನ್ನು ತೀರ್ಮಾನಿಸುವುದು ಮಣ್ಣಿನ ಕಣದ ಗಾತ್ರ. ಲೆಕ್ಕಕ್ಕೆ ನಿಮ್ಮ ಮಿಶ್ರಣದಲ್ಲಿ ಅದು 3 ಸೆಂ.ಮೀ. ಅಂದುಕೊಳ್ಳಿ. 12 ಸೆಂ.ಮೀ. ಆಳದ ನೇರ ಗೋಡೆಯ ಕುಂಡದಲ್ಲಿ ಕಾಲು ಭಾಗ ಜವುಗು. 6 ಸೆಂ.ಮೀ. ಆಳದ ಅಂದದ ತಟ್ಟೆಯಲ್ಲಿ ಅರ್ಧವೇ ಜವುಗು.

ಜಲ್ಲಿ ಹಾಕಿದಾಗ? ಜಲ್ಲಿಯ ಸಂದು ದೊಡ್ಡದು, ನೀರನ್ನು ತನ್ನತ್ತ ಸೆಳೆಯುವ ಶಕ್ತಿ ಅದಕ್ಕಿಲ್ಲ. ಮೇಲಿನ ಮಣ್ಣು ತೋಯ್ದು ತುಂಬುವವರೆಗೆ ಒಂದು ಹನಿಯನ್ನೂ ಕೆಳಗೆ ಬಿಡುವುದಿಲ್ಲ. ಅಂದರೆ ಮೊದಲು ಕುಂಡದ ತಳದಲ್ಲಿದ್ದ ಆ 3 ಸೆಂ.ಮೀ. ಜವುಗು ಈಗ ಜಲ್ಲಿಯ ಮೇಲೆ ಹೋಗಿ ಕೂರುತ್ತದೆ. 8 ಸೆಂ.ಮೀ. ಕುಂಡಕ್ಕೆ 2 ಸೆಂ.ಮೀ. ಜಲ್ಲಿ ಹಾಕಿದರೆ ಉಳಿಯುವ 6 ಸೆಂ.ಮೀ. ಮಣ್ಣಿನಲ್ಲಿ 3 ಸೆಂ.ಮೀ. ಒದ್ದೆ, ಅದೂ ಬೇರಿಗೆ ಇನ್ನಷ್ಟು ಹತ್ತಿರ. ಜಲ್ಲಿ ಹಾಕಿ ಕುಂಡವನ್ನು ಗಿಡ್ಡ ಮಾಡಿಕೊಂಡಂತಾಯಿತು. ತೂತಿನಿಂದ ಮಣ್ಣು ಸೋರದಿರಲು ಸೊಳ್ಳೆ ಪರದೆಯ ತುಂಡೊಂದು ಸಾಕು.

ಹಾಗಾದರೆ ಆಳದ ಕುಂಡವೇ ಒಳ್ಳೆಯದೇ? ಅತಿ ಆಳವಾದರೆ ಬೇರು ಮುಟ್ಟದ ಮಣ್ಣು ಹೆಚ್ಚಿ, ಮೇಲೆ ಹೇಳಿದ ದೊಡ್ಡ ಕುಂಡದ ಕಷ್ಟವೇ ಬರುತ್ತದೆ. ಆಳ ಅಗಲದಷ್ಟೇ ಇರಲಿ, ಇಲ್ಲವೇ ಮುಕ್ಕಾಲು. ನಿಜವಾದ ಪರಿಹಾರ ಇಡೀ ಮಣ್ಣನ್ನೇ ದಪ್ಪ ಕಣದ್ದಾಗಿ ಮಾಡುವುದು. 3ರಿಂದ 6 ಮಿ.ಮೀ. ಸಿಂಡರ್ (ಸುಟ್ಟ ಕಲ್ಲಿದ್ದಲಿನ ಚೂರು), ಪ್ಯೂಮಿಸ್ (ಹಗುರ ಜ್ವಾಲಾಮುಖಿ ಕಲ್ಲು) ಅಥವಾ ಇಟ್ಟಿಗೆ ಚೂರು ಎರಡು ಪಾಲು, ಕೆಮ್ಮಣ್ಣು ಮತ್ತು ಗೊಬ್ಬರ ಸೇರಿ ಒಂದು ಪಾಲು. ಚೂರುಗಳನ್ನು ರವೆ ಜರಡಿಯಲ್ಲಿ ಜರಡಿ ಹಿಡಿದು ಪುಡಿಯನ್ನು ಬಿಸಾಡಿ. ಈ ಪುಡಿ ಸಂದುಗಳಲ್ಲಿ ಕೂತರೆ ಮಾಡಿದ್ದೆಲ್ಲ ವ್ಯರ್ಥ. ನುಣುಪು ಎಂ-ಸ್ಯಾಂಡ್ ಬೆರೆಸುವುದೂ ಅದೇ ತಪ್ಪು.

ಆಳವಿಲ್ಲದ ತಟ್ಟೆಯೇ ಬೇಕು ಅನ್ನುವವರಿಗೆ ನನ್ನ ಮೆಚ್ಚಿನ ಉಪಾಯ: ಹತ್ತಿ ಹಗ್ಗದ ಒಂದು ತುಂಡನ್ನು ತೂತಿನ ಮೂಲಕ ತೂರಿಸಿ, 3 ಸೆಂ.ಮೀ. ಮಣ್ಣೊಳಗೆ, 8 ಸೆಂ.ಮೀ. ಹೊರಗೆ ಇಳಿಬಿಡಿ. ಕುಂಡವನ್ನು ಎತ್ತರದ ಸ್ಟ್ಯಾಂಡಿನ ಮೇಲಿಟ್ಟರೆ, ನೆನೆದ ಹಗ್ಗ ಕುಂಡದ ಎತ್ತರವನ್ನೇ ಹೆಚ್ಚಿಸಿದಂತೆ ಕೆಲಸ ಮಾಡಿ ತಳದ ನೀರನ್ನು ಎಳೆದು ಹಾಕುತ್ತದೆ. ಹಗ್ಗದ ತುದಿ ಸ್ಟ್ಯಾಂಡಿನ ಕೆಳಗೆ ನೀರು ಹಿಡಿಯಲು ಇಟ್ಟ ತಟ್ಟೆಯ ನೀರಿಗೆ ತಾಗಬಾರದು, ತಾಗಿದರೆ ನೀರು ವಾಪಸ್ ಮೇಲೇರುತ್ತದೆ.

ಯಾವುದರಿಂದ ಮಾಡಿದ ಕುಂಡ? ಬೆಂಗಳೂರಲ್ಲಿ ಮಳೆ ಅತಿ ಹೆಚ್ಚು ಬೀಳುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಆಗ ಮೋಡ, ತಂಪು, ತೇವ ಮೂರೂ ಸೇರಿ ಪ್ಲಾಸ್ಟಿಕ್ ಕುಂಡ ವಾರಗಟ್ಟಲೆ ಒಣಗದು. ನೀರಿನ ಕೈ ಹೆಚ್ಚಿರುವವರು ಮಣ್ಣಿನ ಕುಂಡ ಕೊಳ್ಳಿ, ಗೋಡೆಯೇ ಬೆವರುತ್ತದೆ. ಪಾಟರಿ ಟೌನ್‌ನಲ್ಲೋ ಲಾಲ್‌ಬಾಗ್ ಪಕ್ಕದ ಸಿದ್ದಾಪುರದ ನರ್ಸರಿಗಳಲ್ಲೋ ಕೊಳ್ಳುವಾಗ ತಳ ತಿರುಗಿಸಿ ತೂತು ನೋಡಿ. ಹೊರಗೆ ಬಣ್ಣ ಬಳಿದಿದ್ದರೆ ಬೆವರುವ ಗುಣ ಹೋಯಿತು, ಅದು ಪ್ಲಾಸ್ಟಿಕ್ಕಿನ ಲೆಕ್ಕವೇ. ನೆಡುವ ಮೊದಲು ಅರ್ಧ ಗಂಟೆ ನೀರಲ್ಲಿ ನೆನೆಸಿ. ಬೋರ್‌ವೆಲ್ ನೀರು ಹಾಕುವ ಮನೆಗಳಲ್ಲಿ ಗೋಡೆ ಮೇಲೆ ಬಿಳಿ ಉಪ್ಪು ಮೂಡುತ್ತದೆ. ಖಾಲಿ ಕುಂಡವನ್ನು ಅರ್ಧಕ್ಕರ್ಧ ವಿನೆಗರ್ ನೀರಲ್ಲಿಟ್ಟು ಬ್ರಷ್‌ನಿಂದ ಉಜ್ಜಿದರೆ ಹೋಗುತ್ತದೆ. ಏಪ್ರಿಲ್ ಬಿಸಿಲು ಬೀಳುವ ಪಶ್ಚಿಮದ ಬಾಲ್ಕನಿಗೆ ಕಪ್ಪು ಕುಂಡ ಬೇಡ, ಬೇರು ಬೇಯುತ್ತದೆ.

ಪಿಂಗಾಣಿ ಕುಂಡಕ್ಕೆ ತೂತಿಲ್ಲದಿದ್ದರೆ 8ರಿಂದ 10 ಮಿ.ಮೀ. ಟೈಲ್ ಬಿಟ್ ಬಳಸಿ. ಕುಂಡವನ್ನು ಬೋರಲು ಹಾಕಿ ಮಡಚಿದ ಬಟ್ಟೆಯ ಮೇಲಿಡಿ, ತಳಕ್ಕೆ ಟೇಪ್ ಅಂಟಿಸಿ, ಡ್ರಿಲ್‌ನ ಹ್ಯಾಮರ್ ಆಫ್ ಮಾಡಿ. ಕಡಿಮೆ ವೇಗದಲ್ಲಿ, ಚಮಚದಲ್ಲಿ ನೀರು ಬಿಡುತ್ತಾ ಕೊರೆಯಿರಿ. ಆಚೆ ತಲುಪುವ ಹೊತ್ತಿಗೆ ಒತ್ತಡ ಪೂರ್ತಿ ಸಡಿಲಿಸಬೇಕು, ಬಿರುಕು ಬಿಡುವುದು ಆ ಗಳಿಗೆಯಲ್ಲೇ. ಕೊರೆಯುವ ಧೈರ್ಯ ಇಲ್ಲದವರು ತೂತಿರುವ ಪ್ಲಾಸ್ಟಿಕ್ ಕುಂಡವನ್ನು ಅದರೊಳಗೆ ಇಟ್ಟು, ನೀರು ಹಾಕಿದ 15 ನಿಮಿಷಕ್ಕೆ ಹೊರಗಿನದನ್ನು ಬಗ್ಗಿಸಿ ಚೆಲ್ಲಿ.

ಕೆಲವು ಗಿಡಗಳ ಬೇಡಿಕೆ ಬೇರೆ. ಜೇಡ್ ಗಿಡಕ್ಕೆ ತಲೆ ಭಾರ, ಹಗುರ ಪ್ಲಾಸ್ಟಿಕ್ಕಿನಲ್ಲಿ ಗಾಳಿಗೆ ಉರುಳುತ್ತದೆ. ಸ್ನೇಕ್ ಪ್ಲಾಂಟಿನ ಗಡ್ಡೆ ತೆಳು ಪ್ಲಾಸ್ಟಿಕ್ಕನ್ನು ಒಡೆದು ಹೊರಬರುತ್ತದೆ. ಬೆಣಚುಕಲ್ಲಿನಂತೆ ಕಾಣುವ ಲಿಥಾಪ್ಸ್‌ಗೆ ತಾಯಿಬೇರು ಇರುವುದರಿಂದ, ಗಿಡ ಕಾಸಗಲ ಇದ್ದರೂ 10 ಸೆಂ.ಮೀ. ಆಳದ ಕುಂಡವೇ ಬೇಕು.