ಬೆಳಗ್ಗೆ ಕಾರು ಸ್ಟಾರ್ಟ್ ಮಾಡಿ ಐದು ನಿಮಿಷ ನಿಲ್ಲಿಸಬೇಕಾ?

ಓದುಗರ ಪ್ರಶ್ನೆ: ನಮ್ಮ ತಂದೆಯವರು ದಿನಾ ಬೆಳಗ್ಗೆ ಪೆಟ್ರೋಲ್ ಕಾರನ್ನು ಸ್ಟಾರ್ಟ್ ಮಾಡಿ ಐದು ನಿಮಿಷ ಹಾಗೇ ಬಿಡುತ್ತಾರೆ. ‘ಎಂಜಿನ್ ಬಿಸಿಯಾದರೆ ಹೊಗೆ ಕಮ್ಮಿ’ ಅನ್ನುತ್ತಾರೆ. ನಿಜವೇ?

ಎಂಜಿನ್ ಬಿಸಿಯಾದರೆ ಹೊಗೆ ಕಮ್ಮಿ, ಅದು ನಿಜ. ಆದರೆ ನಿಲ್ಲಿಸಿಕೊಂಡು ಬಿಸಿ ಮಾಡಿದರೆ ಜಾಸ್ತಿಯೇ ಆಗುತ್ತದೆ. ಹಾಗಂತ ತಂದೆಯವರ ಮೇಲೆ ರೇಗಬೇಡಿ. ಅವರು ಕಾರು ಕಲಿತದ್ದು ಗಾಳಿಗೆ ಪೆಟ್ರೋಲ್ ಬೆರೆಸಲು ಕಾರ್ಬ್ಯುರೇಟರ್ ಎಂಬ ಸಾಧನ ಇದ್ದ ಕಾಲದಲ್ಲಿ ಇರಬೇಕು. ಹಳೇ ಮಾರುತಿ 800ರಲ್ಲಿ ಚೋಕ್ (ಮಿಶ್ರಣದಲ್ಲಿ ಪೆಟ್ರೋಲ್ ಪಾಲು ಹೆಚ್ಚಿಸುವ ಗುಂಡಿ) ಎಳೆದು ಸ್ಟಾರ್ಟ್ ಮಾಡಿ, ಸದ್ದು ಹದಕ್ಕೆ ಬಂದ ಮೇಲೆ ಮೆಲ್ಲಗೆ ಒಳಗೆ ತಳ್ಳಬೇಕಿತ್ತು. ಅವಸರಪಟ್ಟರೆ ಗೇಟು ದಾಟುವ ಮುಂಚೆಯೇ ಆಫ್! ಈಗ ಆ ಕೆಲಸವನ್ನೆಲ್ಲ ಕಾರಿನ ಕಂಪ್ಯೂಟರ್ ನೋಡಿಕೊಳ್ಳುತ್ತದೆ.

ಪೆಟ್ರೋಲ್ ಆವಿಯಾದರೆ ತಾನೇ ಚೆನ್ನಾಗಿ ಉರಿಯುವುದು? ತಣ್ಣಗಿನ ಎಂಜಿನ್‌ನಲ್ಲಿ ಅದು ಸರಿಯಾಗಿ ಆವಿಯಾಗದೆ ಒಳಗೋಡೆಗೆ ಅಂಟಿಕೊಳ್ಳುತ್ತದೆ. ಅದಕ್ಕೇ ಆಗ ಪೆಟ್ರೋಲ್ ಜಾಸ್ತಿ ಹೋಗುತ್ತದೆ. ಪೂರ್ತಿ ಉರಿಯದೆ ಉಳಿದ ಪೆಟ್ರೋಲ್ ಮತ್ತು ಕಾರ್ಬನ್ ಮೊನಾಕ್ಸೈಡ್ ಹೊಗೆಯ ಜೊತೆ ಹೊರಗೆ ಬರುತ್ತವೆ. ಇವನ್ನು ಸುಡಬೇಕಾದದ್ದು ಹೊಗೆ ಹೋಗುವ ದಾರಿಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್. ಜೇನುಗೂಡಿನಂತೆ ಸಣ್ಣ ಸಣ್ಣ ತೂತುಗಳಿರುವ ಪಿಂಗಾಣಿ, ಅದರ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪ. ಅದೂ ಸುಮಾರು 250–300 ಡಿಗ್ರಿ ಕಾಯುವ ತನಕ ಸುಮ್ನೆ ಕೂತಿರುತ್ತದೆ. ಕಾವಲಿ ಕಾಯದೆ ದೋಸೆ ಏಳುತ್ತದಾ?

ಹೀಗಾಗಿ ಸಣ್ಣ ಓಡಾಟದಲ್ಲಿ ಈ ಎರಡು ವಿಷಗಳ ಬಹುಪಾಲು ಮೊದಲ ಒಂದೆರಡು ನಿಮಿಷದಲ್ಲೇ ಹೊರಬೀಳುತ್ತದೆ. ತಮಾಷೆ ನೋಡಿ, ಯುರೋಪಿನ ಹೊಗೆ ಪರೀಕ್ಷೆಯಲ್ಲಿ ಮೊದಲು ಎಂಜಿನ್ ಚಾಲೂ ಮಾಡಿ 40 ಸೆಕೆಂಡ್ ಬಿಟ್ಟು ಅಳತೆ ಶುರು ಮಾಡುತ್ತಿದ್ದರು. ಅತಿ ಕೊಳಕು ಹೊಗೆ ಲೆಕ್ಕಕ್ಕೇ ಇಲ್ಲ! 2000ದಲ್ಲಿ ಯೂರೋ 3 ಎಂಬ ಹೊಗೆ ನಿಯಮ ಬಂದಾಗ ಆ ರಿಯಾಯಿತಿ ಹೋಯಿತು. ಈಗಿನ ಕಾರುಗಳಲ್ಲಿ ಬೇಗ ಕಾಯಲಿ ಎಂದೇ ಕನ್ವರ್ಟರನ್ನು ಎಂಜಿನ್‌ಗೆ ತೀರಾ ಹತ್ತಿರ ಕೂರಿಸಿರುತ್ತಾರೆ.

ನಾಳೆ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎಂಬ ಲೆಕ್ಕ) ಮುಳ್ಳು ನೋಡಿ. ಮೊದಲು 1,200ರ ಮೇಲೆ ಗುಂಯ್ ಅನ್ನುತ್ತದೆ, ಆಮೇಲೆ 800ರ ಹತ್ತಿರ ಇಳಿಯುತ್ತದೆ. ಕಂಪ್ಯೂಟರ್ ಬೇಕೆಂದೇ ಪೆಟ್ರೋಲ್ ಹೊತ್ತಿಸುವ ಕಿಡಿಯನ್ನು ತಡಮಾಡಿ ಕನ್ವರ್ಟರ್ ಕಡೆ ಬಿಸಿ ತಳ್ಳುವುದೂ ಆಗಲೇ. ಮುಳ್ಳು ಇಳಿದ ಮೇಲೂ ನಿಂತಲ್ಲೇ ನಿಂತರೆ ಎಂಜಿನ್ ಕಾಯುವುದು ನಿಧಾನ, ಪೆಟ್ರೋಲ್ ದಂಡ. ಸ್ಟಾರ್ಟ್ ಮಾಡಿ, ಸೀಟ್ ಬೆಲ್ಟ್ ಹಾಕಿ, ಅರ್ಧ ನಿಮಿಷದೊಳಗೆ ಹೊರಡಿ. ಮೊದಲ ಒಂದೆರಡು ಕಿಲೋಮೀಟರ್ ಆಕ್ಸಿಲರೇಟರ್ ಜೋರಾಗಿ ಒತ್ತಬೇಡಿ.

ಇನ್ನು ಮೂಲೆ ಅಂಗಡಿಯಿಂದ ಕೊತ್ತಂಬರಿ ಸೊಪ್ಪು ತರೋಕೆ ಕಾರು ತೆಗೆದರೆ, ಕನ್ವರ್ಟರ್ ಕಾಯುವಷ್ಟರಲ್ಲಿ ಮನೆಗೆ ವಾಪಸ್ ಬಂದಿರುತ್ತೀರಿ. ಅದಕ್ಕೆ ನಡೆದೇ ಹೋಗಿ. ಬ್ಯಾಂಕ್, ಮಾರ್ಕೆಟ್ ಎರಡೂ ಇದ್ದರೆ ಒಂದೇ ಸುತ್ತಿನಲ್ಲಿ ಮುಗಿಸಿಕೊಳ್ಳಿ.

ತಂದೆಯವರಿಗೆ ಆ ಐದು ನಿಮಿಷ ಬೇಕೇ ಬೇಕು ಅನ್ನಿಸಿದರೆ ಗಾಜಿನ ಮೇಲಿನ ಇಬ್ಬನಿ ಒರೆಸಲಿ, ಟೈರಿನ ಗಾಳಿ ನೋಡಲಿ. ಕೀ ತಿರುಗಿಸುವುದು ಅದೆಲ್ಲ ಆದ ಮೇಲೆ.