ಕ್ಲೋಸ್‌ಪೇಟೆಯಿಂದ ಬೆಂಗಳೂರು ದಕ್ಷಿಣದವರೆಗೆ: ರಾಮನಗರ ಹುಟ್ಟಿದ ಬಗೆ

2025ರ ಮೇ ತಿಂಗಳಲ್ಲಿ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂತು. ಜಿಲ್ಲಾ ಕೇಂದ್ರ ಮಾತ್ರ ರಾಮನಗರವಾಗಿಯೇ ಉಳಿಯಿತು. ಹೊರಗಿನವರಿಗೆ ಇದನ್ನು ವಿವರಿಸುವುದು ಸುಲಭವಲ್ಲ. ಬೆಂಗಳೂರು ದಕ್ಷಿಣ ತಾಲ್ಲೂಕು ಇರುವುದು ಬೆಂಗಳೂರು ನಗರ ಜಿಲ್ಲೆಯಲ್ಲಿ. ಬೆಂಗಳೂರು ದಕ್ಷಿಣ ಲೋಕಸಭಾ ಕ್ಷೇತ್ರವೆಂದರೆ ಬಸವನಗುಡಿ, ಜಯನಗರ. ರಾಮನಗರದವರು ಮತ ಹಾಕುವುದು ಬೆಂಗಳೂರು ಗ್ರಾಮಾಂತರ ಕ್ಷೇತ್ರಕ್ಕೆ, ಆದರೆ ಬೆಂಗಳೂರು ಗ್ರಾಮಾಂತರ ಜಿಲ್ಲೆ ದೇವನಹಳ್ಳಿ, ದೊಡ್ಡಬಳ್ಳಾಪುರಗಳ ಕಡೆಯದು. ಪರವಾಗಿ ಮಾತನಾಡುವವರು ಬೆಂಗಳೂರಿನ ಹೆಸರಿದ್ದರೆ ಬಂಡವಾಳ ಬರುತ್ತದೆ, ಜಮೀನಿಗೆ ಬೆಲೆ ಬರುತ್ತದೆ ಎನ್ನುತ್ತಾರೆ. ವಿರೋಧಿಸುವವರು ಊರಿನ ಇತಿಹಾಸವನ್ನು ಮುಂದಿಡುತ್ತಾರೆ. ಆ ಇತಿಹಾಸದ ಮೊದಲ ಪುಟಗಳನ್ನು ಓದದೆ ಈ ವಾದವನ್ನು ಅರ್ಥ ಮಾಡಿಕೊಳ್ಳುವುದು ಕಷ್ಟ.

ಊರಿಗಿಂತ ಮೊದಲು ಇಲ್ಲಿ ಇದ್ದದ್ದು ಬೆಟ್ಟ, ಕಾಡು ಮತ್ತು ದಾರಿ. ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಹೋಗುವ ದಾರಿ ಅರ್ಕಾವತಿಯನ್ನು ದಾಟಿ ಈ ಹೆಬ್ಬಂಡೆಗಳ ನಡುವೆ ಸಾಗುತ್ತಿತ್ತು. ಸುತ್ತಲೂ ರಾಮಗಿರಿ, ಶಿವನಗಿರಿ, ಸಾವನದುರ್ಗದ ಕೋಟೆಗಳು. 1791ರ ಮೇ ತಿಂಗಳಲ್ಲಿ ಟಿಪ್ಪು ಸುಲ್ತಾನನ ಮೇಲೆ ದಂಡೆತ್ತಿ ಶ್ರೀರಂಗಪಟ್ಟಣದವರೆಗೂ ಹೋದ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್, ಸೈನ್ಯಕ್ಕೆ ಧಾನ್ಯವಿಲ್ಲದೆ, ಎತ್ತುಗಳು ಸತ್ತು ಹಿಂದಿರುಗಬೇಕಾಯಿತು. ಸಾಮಾನು ಸಾಗುವ ದಾರಿ ಕೈಯಲ್ಲಿಲ್ಲದೆ ರಾಜಧಾನಿ ಸಿಗುವುದಿಲ್ಲ ಎಂಬುದು ಅವನಿಗೆ ಆಗ ಖಚಿತವಾಯಿತು. ಅದೇ ವರ್ಷದ ಡಿಸೆಂಬರ್ 21ರಂದು ಸಾವನದುರ್ಗ ಬಿತ್ತು. ಕೆಲವೇ ದಿನಗಳಲ್ಲಿ ರಾಮಗಿರಿಯೂ ಶರಣಾಯಿತು. ಈ ನೆಲದ ಬೆಲೆ ಗೊತ್ತಾದದ್ದು ಹೀಗೆ, ದಾರಿ ಕಾಯುವ ಜಾಗವಾಗಿ.

1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಪಟ್ಟಕ್ಕೆ ಬಂದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಆಗ ಐದು ವರ್ಷ. ಆಡಳಿತವೆಲ್ಲ ದಿವಾನ್ ಪೂರ್ಣಯ್ಯನವರ ಹೆಗಲ ಮೇಲಿತ್ತು. ಈಸ್ಟ್ ಇಂಡಿಯಾ ಕಂಪನಿಗೆ ವರ್ಷಕ್ಕೆ ಏಳು ಲಕ್ಷ ಸ್ಟಾರ್ ಪಗೋಡ (ಆಗಿನ ಚಿನ್ನದ ನಾಣ್ಯ) ಕಪ್ಪ ಸಲ್ಲಬೇಕು. ಅದು ಸಲ್ಲಬೇಕಾದರೆ ಬೇಸಾಯ ನಡೆಯಬೇಕು, ವ್ಯಾಪಾರ ಓಡಾಡಬೇಕು, ಅಂದರೆ ದಾರಿಯಲ್ಲಿ ಭಯವಿರಬಾರದು. ಹೆದ್ದಾರಿ ಹಾದುಹೋಗುವ ಈ ಕಾಡಿನ ನಡುವೆ 1800ರಲ್ಲಿ ಅವರು ಒಂದು ಪೇಟೆಯನ್ನು ಕಟ್ಟಿಸಿದರು. ಜನ ನೆಲೆಸಿದರೆ ಕಾಡು ಹಿಂದೆ ಸರಿಯುತ್ತದೆ, ದಾರಿಹೋಕರಿಗೆ ತಂಗಲು ನೆಲೆಯಾಗುತ್ತದೆ ಎಂಬ ಲೆಕ್ಕ ಸರಿಯಾಗಿಯೇ ಇತ್ತು.

ಹೊಸ ಪೇಟೆಗೆ ಮೈಸೂರಿನ ರೆಸಿಡೆಂಟ್, ಅಂದರೆ ಆಸ್ಥಾನದಲ್ಲಿದ್ದ ಕಂಪನಿಯ ಪ್ರತಿನಿಧಿ, ಬ್ಯಾರಿ ಕ್ಲೋಸ್ ಅವರ ಹೆಸರಿಟ್ಟು ಕ್ಲೋಸ್‌ಪೇಟೆ ಎಂದರು. ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಕಟ್ಟಿಸಿದ ಕಲ್ಲುಸೇತುವೆಗೂ ಪೂರ್ಣಯ್ಯ ಗವರ್ನರ್ ಜನರಲ್ ವೆಲ್ಲೆಸ್ಲಿಯ ಹೆಸರನ್ನೇ ಇಟ್ಟರು. ಇದನ್ನು ಬರಿಯ ಓಲೈಕೆ ಎಂದು ತಳ್ಳಿಹಾಕುವುದು ನನಗೆ ಸರಿ ಕಾಣುವುದಿಲ್ಲ. ಆಗಷ್ಟೇ ಕೈಗೆ ಮರಳಿದ ರಾಜ್ಯವನ್ನು ಉಳಿಸಿಕೊಳ್ಳಬೇಕಾದ ದಿವಾನರಿಗೆ ಹೆಸರು ಕೊಡುವುದು ಖರ್ಚಿಲ್ಲದ ರಾಜತಂತ್ರವಾಗಿತ್ತು. ಕ್ಲೋಸ್ 1801ರಲ್ಲಿ ಪುಣೆಗೆ ವರ್ಗವಾದರು. ಪೇಟೆ ಇನ್ನೂ ಬೇರೂರುತ್ತಿದ್ದ ಕಾಲ ಅದು. ಆದರೂ ಆ ಹೆಸರು ಒಂದೂವರೆ ಶತಮಾನ ಕಾಗದಪತ್ರಗಳಲ್ಲಿ ಉಳಿಯಿತು. ಇಲ್ಲಿಂದ ಉತ್ತರಕ್ಕೆ ನೂರಾರು ಕಿಲೋಮೀಟರ್ ಹಬ್ಬಿರುವ, ಸುಮಾರು 250 ಕೋಟಿ ವರ್ಷ ಹಳೆಯ ಬಂಡೆಸಾಲನ್ನು ಭೂವಿಜ್ಞಾನಿಗಳು ಇಂದಿಗೂ ಕ್ಲೋಸ್‌ಪೇಟ್ ಗ್ರಾನೈಟ್ ಎಂದೇ ಕರೆಯುತ್ತಾರೆ.

ಬ್ರಿಟಿಷ್ ಕಮಿಷನರುಗಳ ಆಡಳಿತ ಬಂತು, ಬರ ಬಂತು, 1882ರ ಹೊತ್ತಿಗೆ ಮೈಸೂರು ರೈಲೂ ಓಡಿತು. ಇವುಗಳ ನಡುವೆ ಊರನ್ನು ನಿಜವಾಗಿ ಬೆಳೆಸಿದ್ದು ರೇಷ್ಮೆ. ಟಿಪ್ಪುವಿನ ಕಾಲದಲ್ಲಿ ಮೈಸೂರು ಸೀಮೆಗೆ ಬಂದ ಹುಳು ಈ ಕಡೆಯ ಹಿಪ್ಪುನೇರಳೆ ತೋಟಗಳಲ್ಲಿ ನೆಲೆ ನಿಂತಿತು. ಇಂದು ಇಲ್ಲಿನ ರೇಷ್ಮೆಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದೆಂದು ಹೆಸರಾಗಿದೆ. ಬೆಳಗಿನ ಹೊತ್ತು ಒಳಗೆ ಹೋದರೆ ಹಳದಿ ಮಿಶ್ರತಳಿ ಗೂಡು ಒಂದು ಕಡೆ, ಬಿಳಿಯ ದ್ವಿತಳಿ ಗೂಡು ಇನ್ನೊಂದು ಕಡೆ ಹರಡಿರುತ್ತವೆ. ಗೂಡಿನಿಂದ ನೂಲು ತೆಗೆಯುವ ರೀಲರ್ ಒಂದು ಹಿಡಿ ಎತ್ತಿ, ಬೆರಳಲ್ಲಿ ಒತ್ತಿ, ಕಿವಿಯ ಬಳಿ ಅಲ್ಲಾಡಿಸಿ ಒಳಗಿನ ಹುಳುವಿನ ಸದ್ದಿನಿಂದಲೇ ಗೂಡಿನ ಗುಣ ಅಳೆಯುತ್ತಾನೆ. ಹರಾಜು ಈಗ ಮೊಬೈಲಿನಲ್ಲಿ ನಡೆದರೂ ಆ ಕೈಯ ಪರೀಕ್ಷೆ ನಿಂತಿಲ್ಲ. ತಿಂಗಳೊಪ್ಪತ್ತು ನಿದ್ದೆಗೆಟ್ಟು ಹುಳು ಸಾಕಿದ ರೈತ ಪಕ್ಕದಲ್ಲೇ ನಿಂತು ಅವನ ಮುಖ ನೋಡುತ್ತಿರುತ್ತಾನೆ.

ಸ್ವಾತಂತ್ರ್ಯ ಬಂದ ಮೇಲೆ ಕ್ಲೋಸ್‌ಪೇಟೆ ರಾಮನಗರವಾಯಿತು. ಪಕ್ಕದ ಊರಿನವರೇ ಆದ ಕೆಂಗಲ್ ಹನುಮಂತಯ್ಯನವರ ಹೆಸರು ಈ ಬದಲಾವಣೆಯೊಂದಿಗೆ ಸೇರಿಕೊಂಡಿದೆ. ಬೆಟ್ಟಕ್ಕೆ ಮೊದಲೇ ಇದ್ದ ರಾಮನ ಹೆಸರು ಪೇಟೆಗೂ ಬಂದಂತಾಯಿತು. ಬೆಂಗಳೂರು ಜಿಲ್ಲೆಯ ತಾಲ್ಲೂಕಾಗಿ, 1986ರಿಂದ ಬೆಂಗಳೂರು ಗ್ರಾಮಾಂತರದ ಭಾಗವಾಗಿ, 2007ರ ಆಗಸ್ಟ್‌ನಿಂದ ತಾನೇ ಜಿಲ್ಲೆಯಾಗಿ ಊರು ಬದಲಾಯಿತು. ಹದಿನೆಂಟು ವರ್ಷ ತುಂಬುವ ಮೊದಲೇ ಜಿಲ್ಲೆಯ ಹೆಸರು ಮತ್ತೆ ಬದಲಾಯಿತು.

ಪ್ರತಿ ಸಲವೂ ಕಾರಣ ಹೊರಗಿನದು: ಒಮ್ಮೆ ಶ್ರೀರಂಗಪಟ್ಟಣದ ದಾರಿ, ಈಗ ಬೆಂಗಳೂರಿನ ಜಮೀನು. ಈ ಬದಲಾವಣೆಗಳ ಹೊರೆ ಬೀಳುವುದು ಸಾಮಾನ್ಯ ಜನರ ಮೇಲೆ. ಮುತ್ತಾತನ ಕಾಲದ ಜಮೀನಿನ ಪತ್ರ ಕ್ಲೋಸ್‌ಪೇಟೆ ತಾಲ್ಲೂಕಿನದು, ಅಪ್ಪನ ಪತ್ರ ಬೆಂಗಳೂರು ಜಿಲ್ಲೆಯದು, ಮಗನದು ರಾಮನಗರ ಜಿಲ್ಲೆಯದು, ಇನ್ನು ಮೊಮ್ಮಗನದು ಬೆಂಗಳೂರು ದಕ್ಷಿಣದ್ದು. ಜಮೀನು ಒಂದೇ, ಹಿಪ್ಪುನೇರಳೆಯೂ ಅದೇ. ಯಾವ ಹೆಸರು ಯಾವ ವರ್ಷದಿಂದ ಯಾವ ವರ್ಷದವರೆಗೆ ಇತ್ತು ಎಂಬ ಪಟ್ಟಿಯೊಂದನ್ನು ಪ್ರತಿ ತಾಲ್ಲೂಕು ಕಚೇರಿಯ ಗೋಡೆಯ ಮೇಲೆ ಕನ್ನಡದಲ್ಲಿ ಹಾಕಬೇಕು. ಮುಂದಿನ ಚರ್ಚೆ ಯಾವ ಕಡೆ ವಾಲಿದರೂ ಆ ಒಂದು ಕೆಲಸಕ್ಕೆ ಸಂಪುಟದ ಒಪ್ಪಿಗೆಗಾಗಿ ಕಾಯಬೇಕಿಲ್ಲ.